ಸ್ಲಾಟ್ ಕೂಡುತ್ತದೆ, ಮಂತ್ರ ಕೂಡುವುದಿಲ್ಲ: ಬೆಂಬಲದ ಮಂತ್ರಗಾರನನ್ನು ಎರಡು ಕ್ಲಾಸಿನಲ್ಲಿ ಕಟ್ಟುವ ಲೆಕ್ಕ

ಆಟ ನಡೆಸುವ ಡಂಜನ್ ಮಾಸ್ಟರ್ (ಡಿಎಂ) ಬಿಟ್ಟು ಐದು ಮಂದಿ, ಪಾತ್ರ ಕಟ್ಟಿಕೊಂಡು ಡೈಸ್ ಉರುಳಿಸಿ ಆಡುವ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಡಲು ಕೂತರೆ ಮೂವರಿಗೆ ಕತ್ತಿ ಬೇಕು, ಒಬ್ಬನಿಗೆ ಬೆಂಕಿಯುಂಡೆ ಬೇಕು. ಬಿದ್ದವರನ್ನು ಎಬ್ಬಿಸುವ ಕೆಲಸ, ಬಸ್ಸು ತಪ್ಪಿ ತಡವಾಗಿ ಬಂದ ಐದನೆಯವನ ಕೊರಳಿಗೆ ಬೀಳುತ್ತದೆ. ಅವನಿಗೂ ಬರೇ ಹೀಲರ್ (ವಾಸಿ ಮಾಡುವವ) ಆಗಿ ಕೂರಲು ಮನಸ್ಸಿರುವುದಿಲ್ಲ. ‘ಕ್ಲೆರಿಕ್ ಜೊತೆ ಸ್ವಲ್ಪ ಬಾರ್ಡ್ ಸೇರಿಸಿದರೆ ಹೆಂಗ?’ ಅನ್ನುತ್ತಾನೆ. ಕ್ಲೆರಿಕ್ ಅಂದರೆ ದೇವರ ಬಲದಿಂದ ಮಂತ್ರ ಹಾಕುವವ, ಬಾರ್ಡ್ ಅಂದರೆ ಹಾಡಿನಿಂದ ಹಾಕುವವ; ಪಾತ್ರದ ಇಂಥ ಕಸುಬಿಗೆ ಕ್ಲಾಸ್ ಅನ್ನುತ್ತಾರೆ. ವಿಚಾರ ಒಳ್ಳೆಯದೇ. ಆದರೆ ಎರಡು ಕ್ಲಾಸು ಸೇರಿಸಿದಾಗ ಏನು ಸಿಗುತ್ತದೆ ಅನ್ನುವುದನ್ನು ಎಲ್ಲರೂ ನೋಡುತ್ತಾರೆ. ಏನು ತಡವಾಗುತ್ತದೆ ಅನ್ನುವುದನ್ನು ನೋಡುವವರು ಕಡಿಮೆ. ಮಲ್ಟಿಕ್ಲಾಸ್ (ಎರಡು ಕ್ಲಾಸು ಬೆರೆಸಿದ) ಪಾತ್ರಗಳು ಕೆಡುವುದು ಅಲ್ಲೇ.

ಈ ಲೆಕ್ಕವೆಲ್ಲ ಐದನೇ ಆವೃತ್ತಿಯ 2014ರ ನಿಯಮದ್ದು. ಆ ನಿಯಮಗಳ ಮುಖ್ಯ ಭಾಗ ‘ಸಿಸ್ಟಮ್ ರೆಫರೆನ್ಸ್ ಡಾಕ್ಯುಮೆಂಟ್ 5.1’ ಎಂಬ ಕಡತದಲ್ಲಿ, ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಪುಕ್ಕಟೆ ಸಿಗುತ್ತದೆ. ಕ್ಲಾಸಿನೊಳಗೆ ಆರಿಸುವ ಕವಲುಗಳ (ಸಬ್‌ಕ್ಲಾಸ್) ಪೈಕಿ ಅದರಲ್ಲಿ ಕ್ಲೆರಿಕ್‌ಗೆ ಲೈಫ್ ಡೊಮೇನ್ ಒಂದೇ, ಬಾರ್ಡ್‌ಗೆ ಕಾಲೇಜ್ ಆಫ್ ಲೋರ್ ಒಂದೇ ಇವೆ. ನಮ್ಮ ಪಾತ್ರಕ್ಕೆ ಬೇಕಾದದ್ದೂ ಅವೆರಡೇ, ಹಾಗಾಗಿ ಪುಸ್ತಕ ಕೊಳ್ಳದೆಯೂ ಬಹುತೇಕ ಕೆಲಸ ನಡೆಯುತ್ತದೆ. ಕಡತ 400 ಪುಟ ದಾಟುತ್ತದೆ. ಪೂರ್ತಿ ಝರಾಕ್ಸ್ ಹೊಡೆಸಲು ಹೋಗಬೇಡಿ. ಎರಡು ಕ್ಲಾಸಿನ ಪುಟ, ಮಲ್ಟಿಕ್ಲಾಸ್ ಪುಟ ಮತ್ತು ನೀವು ಆರಿಸಿದ ಮಂತ್ರಗಳ ಪುಟ ಸಾಕು. ಮಲ್ಟಿಕ್ಲಾಸ್ ಆಗಲಿ ಫೀಟ್ (ಅಂಕವೃದ್ಧಿಯ ಬದಲು ಪಡೆಯುವ ವಿಶೇಷ ಕೌಶಲ) ಆಗಲಿ 2014ರ ಪುಸ್ತಕದಲ್ಲಿ ಐಚ್ಛಿಕ ನಿಯಮಗಳು. ಡಿಎಂ ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಮೊದಲು ಅದನ್ನು ಕೇಳಿಕೊಳ್ಳಿ.

ಎರಡು ಲೆವೆಲ್ಲುಗಳ ಗೊಂದಲ

ಈ ಆಟದಲ್ಲಿ ಪಾತ್ರ ಬೆಳೆಯುವುದಕ್ಕೂ ಲೆವೆಲ್ ಅನ್ನುತ್ತಾರೆ, ಮಂತ್ರದ ಬಲಕ್ಕೂ ಲೆವೆಲ್ ಅನ್ನುತ್ತಾರೆ. ಹೊಸಬರ ಅರ್ಧ ಗೊಂದಲಕ್ಕೆ ಇದೊಂದೇ ಕಾರಣ. ಇಲ್ಲಿ ಪಾತ್ರದ್ದನ್ನು ಮಾತ್ರ ಲೆವೆಲ್ ಅನ್ನೋಣ, ಮಂತ್ರದ್ದನ್ನು ಮೆಟ್ಟಿಲು ಅನ್ನೋಣ.

ಮಂತ್ರ ಹಾಕಲು ಎರಡು ಬೇಕು: ಮಂತ್ರ ಗೊತ್ತಿರಬೇಕು, ಅದಕ್ಕೆ ಖರ್ಚು ಮಾಡಲು ಸ್ಲಾಟ್ (ದಿನಕ್ಕೆ ಇಷ್ಟೇ ಎಂದು ಸಿಗುವ ಮಂತ್ರದ ಪಾಲು) ಇರಬೇಕು. ಸ್ಲಾಟ್ ಎಣಿಸುವಾಗ ಬಾರ್ಡ್, ಕ್ಲೆರಿಕ್, ಡ್ರೂಯಿಡ್, ಸೋರ್ಸರರ್, ವಿಝರ್ಡ್ ಲೆವೆಲ್ಲುಗಳನ್ನು ಪೂರ್ತಿಯಾಗಿ ಕೂಡಿಸಿ ಒಂದೇ ಪಟ್ಟಿಯಲ್ಲಿ ನೋಡುತ್ತೇವೆ. ಪ್ಯಾಲಡಿನ್, ರೇಂಜರ್ ಆದರೆ ಅರ್ಧ, ಅದೂ ಕೆಳಕ್ಕೆ ಇಳಿಸಿ. ವಾರ್ಲಾಕ್‌ನದು ಬೇರೆಯೇ ಡಬ್ಬಿ, ಇದರಲ್ಲಿ ಸೇರುವುದಿಲ್ಲ. ಆದರೆ ಯಾವ ಮಂತ್ರ ಗೊತ್ತು ಅನ್ನುವುದನ್ನು ಎಣಿಸುವಾಗ ಮಾತ್ರ ಒಂದೊಂದು ಕ್ಲಾಸನ್ನೂ ಬೇರೆ ಬೇರೆ, ಇನ್ನೊಂದು ಇಲ್ಲವೇ ಇಲ್ಲ ಅನ್ನುವ ಹಾಗೆ ನೋಡಬೇಕು.

ಕ್ಲೆರಿಕ್ 4, ಬಾರ್ಡ್ 4 ಇರುವ ಪಾತ್ರ ತೆಗೆದುಕೊಳ್ಳಿ. ಒಟ್ಟು 8ನೇ ಲೆವೆಲ್. ಸ್ಲಾಟುಗಳು ಒಂದನೇ ಮೆಟ್ಟಿಲಿಗೆ 4, ಎರಡಕ್ಕೆ 3, ಮೂರಕ್ಕೆ 3, ನಾಲ್ಕಕ್ಕೆ 2. ಬಾರ್ಡ್ 4 ಅಂದರೆ ಎರಡನೇ ಮೆಟ್ಟಿಲಿನ ಮಂತ್ರವೇ ಕೊನೆ, ಕ್ಲೆರಿಕ್ 4 ಅಂದರೂ ಅಷ್ಟೇ. ಪಕ್ಕದಲ್ಲಿ ಕೂತ ಬರೇ ಕ್ಲೆರಿಕ್ 8 ನಾಲ್ಕನೇ ಮೆಟ್ಟಿಲಿನ ಮಂತ್ರ ಹಾಕುವಾಗ ನಿಮ್ಮ ಆ ದೊಡ್ಡ ಸ್ಲಾಟುಗಳು ಸಣ್ಣ ಮಂತ್ರವನ್ನೇ ಸ್ವಲ್ಪ ದೊಡ್ಡದಾಗಿ ಹಾಕಲು ಮಾತ್ರ ಉಪಯೋಗ.

ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಮಗ್ಗದ ಮೇಲೆಯೇ ಕೊಂಡಿ ಹಾಕಿ ಜೋಡಿಸುತ್ತಾರೆ. ಒಡಲು ಉದ್ದ, ಸೆರಗು ಗಿಡ್ಡ. ಅರ್ಧ ಸೀರೆ ಸೆರಗೇ ಆದರೆ ಉಡುವುದು ಹೇಗೆ? ಬೆಂಬಲದ ಪಾತ್ರದಲ್ಲೂ ಒಡಲು ಯಾವುದು, ಸೆರಗು ಯಾವುದು ಅನ್ನುವುದನ್ನು ಮೊದಲೇ ತೀರ್ಮಾನಿಸಬೇಕು. ನಮ್ಮ ಆಯ್ಕೆ ಇದು: ಕ್ಲೆರಿಕ್ 1, ಉಳಿದದ್ದೆಲ್ಲ ಬಾರ್ಡ್.

ಒಂದೇ ಒಂದು ಕ್ಲೆರಿಕ್ ಲೆವೆಲ್ ಏಕೆ

ಬಾರ್ಡ್‌ನ ಕೆಲಸ ಪಾರಿಜಾತದಾಟದ ಭಾಗವತನ ಕೆಲಸದ ಹಾಗೆ: ತಾನು ಕುಣಿಯುವುದಕ್ಕಿಂತ ಕುಣಿಯುವವರನ್ನು ಎತ್ತಿ ಹಿಡಿಯುವುದು. ಅವನಿಗೆ ಕೊರತೆ ಇರುವುದು ಎರಡರಲ್ಲಿ. ಮೈಮೇಲೆ ತೆಳ್ಳನೆಯ ಚರ್ಮದ ಕವಚ, ಮತ್ತು ಮಂತ್ರದ ಪಟ್ಟಿಯಲ್ಲಿ ಗೆಳೆಯರ ಡೈಸಿಗೆ ಬಲ ಕೊಡುವ ಬ್ಲೆಸ್ ಇಲ್ಲ. ಒಂದು ಲೆವೆಲ್ ಲೈಫ್ ಕ್ಲೆರಿಕ್ ಎರಡನ್ನೂ ತುಂಬುತ್ತದೆ.

ಕವಚದ ಲೆಕ್ಕ ಮೊದಲು. ಪಾತ್ರದ ಆರು ಗುಣಗಳಲ್ಲಿ ಒಂದಾದ ಡೆಕ್ಸ್ಟೆರಿಟಿ (ಚುರುಕು) 14, ಅಂದರೆ +2, ಇರುವ ಬಾರ್ಡ್ ಚರ್ಮದ ಕವಚದಲ್ಲಿ ಎಸಿ (ಪೆಟ್ಟು ತಗಲಲು ವೈರಿಯ ಡೈಸು ಮುಟ್ಟಬೇಕಾದ ಅಂಕ) 13. ಅದೇ ಪಾತ್ರ ಸ್ಕೇಲ್ ಮೇಲ್ ತೊಟ್ಟು ಢಾಲು ಹಿಡಿದರೆ ಕವಚದ 14ಕ್ಕೆ ಡೆಕ್ಸ್ಟೆರಿಟಿಯ 2, ಢಾಲಿನ 2 ಸೇರಿ 18. ಇಪ್ಪತ್ತು ಮುಖದ ಡೈಸಿಗೆ +6 ಸೇರಿಸಿ ಹೊಡೆಯುವ ಓಗರ್ ರಾಕ್ಷಸನ ಪೆಟ್ಟು ಎಸಿ 13ಕ್ಕೆ ನೂರಕ್ಕೆ 70 ಸಲ ತಗಲುತ್ತದೆ, ಎಸಿ 18ಕ್ಕೆ 45 ಸಲ. ಲೈಫ್ ಡೊಮೇನ್ ಭಾರಿ ಕವಚ ತೊಡುವ ಅನುಮತಿಯನ್ನೂ ಕೊಡುತ್ತದೆ. ಅದನ್ನು ಕಂಡು ಚೈನ್ ಮೇಲ್ ಕೊಳ್ಳಲು ಓಡಬೇಡಿ. ಅದಕ್ಕೆ ಸ್ಟ್ರೆಂತ್ 13 ಬೇಕು, ಇಲ್ಲದಿದ್ದರೆ ನಡಿಗೆ 10 ಅಡಿ ಕಡಿಮೆಯಾಗುತ್ತದೆ. ಕೊಡುವ ಎಸಿ ಮಾತ್ರ, ಢಾಲು ಬಿಟ್ಟರೆ, ಸ್ಕೇಲ್ ಮೇಲ್‌ನ ಅದೇ 16. ಮುಂದೆ 400 ಚಿನ್ನದ ನಾಣ್ಯ ಕೂಡಿದರೆ ಬ್ರೆಸ್ಟ್‌ಪ್ಲೇಟ್ ಕೊಳ್ಳಿ. ಎಸಿ ಅಷ್ಟೇ, ಆದರೆ ಸದ್ದಿಲ್ಲದೆ ನಡೆಯುವಾಗ ಡಿಸಡ್ವಾಂಟೇಜ್ (ಎರಡು ಸಲ ಉರುಳಿಸಿ ಕಡಿಮೆ ಬಂದದ್ದನ್ನು ಹಿಡಿಯುವುದು) ಇರುವುದಿಲ್ಲ.

ಇನ್ನು ಬ್ಲೆಸ್. ಮೂವರಿಗೆ, ಪ್ರತಿ ಹೊಡೆತಕ್ಕೂ ಪ್ರತಿ ಸೇವಿಂಗ್ ಥ್ರೋಗೂ (ಆಪತ್ತಿನಿಂದ ತಪ್ಪಿಸಿಕೊಳ್ಳಲು ಉರುಳಿಸುವುದು) ಒಂದು ಡಿ4 (ನಾಲ್ಕು ಮುಖದ ಡೈಸು) ಹೆಚ್ಚು. ಡಿ4ರ ಸರಾಸರಿ 2.5, ಅಂದರೆ ಇಪ್ಪತ್ತು ಮುಖದ ಡೈಸಿನಲ್ಲಿ ನೂರಕ್ಕೆ 12.5 ಅಂಶ. ನಾಲ್ಕು ಸುತ್ತಿನ ಜಗಳದಲ್ಲಿ ಮೂವರು ಒಟ್ಟು 12 ಸಲ ಬೀಸಿದರೆ ಒಂದೂವರೆ ಹೆಚ್ಚುವರಿ ಪೆಟ್ಟು. ಅದೂ ನಿಮ್ಮ ಒಂದನೇ ಮೆಟ್ಟಿಲಿನ ಒಂದೇ ಸ್ಲಾಟಿಗೆ. ನಿಮ್ಮ ವಿಸ್ಡಮ್ ಎಷ್ಟಿದ್ದರೂ ಬ್ಲೆಸ್‌ನ ಬಲ ಬದಲಾಗುವುದಿಲ್ಲ, ಸೆರಗಿನ ಕ್ಲಾಸಿಗೆ ಆರಿಸಬೇಕಾದದ್ದು ಇಂಥ ಮಂತ್ರಗಳನ್ನೇ. ಲೈಫ್ ಡೊಮೇನಿನಲ್ಲಿ ಬ್ಲೆಸ್ ಮತ್ತು ಕ್ಯೂರ್ ವೂಂಡ್ಸ್ ಸದಾ ಸಿದ್ಧವಿರುತ್ತವೆ, ಪ್ರತ್ಯೇಕ ಎಣಿಕೆಯಿಲ್ಲ.

ಮೂರನೆಯ ಲಾಭ ಡಿಸೈಪಲ್ ಆಫ್ ಲೈಫ್: ನೀವು ಮಂತ್ರದಿಂದ ವಾಸಿ ಮಾಡಿದಾಗಲೆಲ್ಲ 2 ಮತ್ತು ಮಂತ್ರದ ಮೆಟ್ಟಿಲಿನಷ್ಟು ಹೆಚ್ಚುವರಿ. ಕ್ಲೆರಿಕ್ ಮಂತ್ರಕ್ಕೇ ಆಗಬೇಕೆಂದಿಲ್ಲ, ಬಾರ್ಡ್ ಆಗಿ ಕಲಿತ ಹೀಲಿಂಗ್ ವರ್ಡ್‌ಗೂ ಅನ್ವಯ. ಕರಿಸ್ಮಾ +3 ಇರುವ ಬಾರ್ಡ್‌ನ ಹೀಲಿಂಗ್ ವರ್ಡ್ ಮರಳಿಸುವ ಜೀವದ ಅಂಕ ಸರಾಸರಿ 5.5. ಲೈಫ್ ಸೇರಿದರೆ 8.5. ಎರಡನೇ ಮೆಟ್ಟಿಲಿನ ಸ್ಲಾಟಿನಲ್ಲಿ 12.

ಅಂಕಗಳು

ಮಲ್ಟಿಕ್ಲಾಸ್‌ಗೆ ಸೇರುವ ಕ್ಲಾಸಿನದ್ದಷ್ಟೇ ಅಲ್ಲ, ಈಗಾಗಲೇ ಇರುವ ಕ್ಲಾಸಿನ ಮುಖ್ಯ ಅಂಕವೂ 13 ಇರಬೇಕು. ನಮಗೆ ವಿಸ್ಡಮ್ 13, ಕರಿಸ್ಮಾ 13. ಗುಣಗಳ ಅಂಕ ಕೊಳ್ಳುವ 27 ಪಾಯಿಂಟಿನ ಲೆಕ್ಕದಲ್ಲಿ ಹೀಗೆ ಹಂಚಿ (ಆವರಣದಲ್ಲಿರುವುದು ಖರ್ಚು): ಸ್ಟ್ರೆಂತ್ 8 (ಖರ್ಚಿಲ್ಲ), ಡೆಕ್ಸ್ಟೆರಿಟಿ 14 (7), ಕಾನ್‌ಸ್ಟಿಟ್ಯೂಷನ್ 14 (7), ಇಂಟೆಲಿಜೆನ್ಸ್ 9 (1), ವಿಸ್ಡಮ್ 13 (5), ಕರಿಸ್ಮಾ 14 (7). ಪಾತ್ರ ಹಾಫ್-ಎಲ್ಫ್ ಕುಲದ್ದಾದರೆ ಕರಿಸ್ಮಾಕ್ಕೆ 2, ಕಾನ್‌ಸ್ಟಿಟ್ಯೂಷನ್‌ಗೆ 1, ವಿಸ್ಡಮ್‌ಗೆ 1 ಸೇರಿ ಕ್ರಮವಾಗಿ 16, 15, 14.

ಕರಿಸ್ಮಾಕ್ಕೆ 15 ಕೊಂಡರೆ 17 ಆಗುತ್ತದಲ್ಲ ಅಂತ ಆಸೆಯಾಗುತ್ತದೆ. 15ಕ್ಕೆ 9 ಪಾಯಿಂಟ್ ಖರ್ಚು, 17 ಕೊಡುವುದೂ 16 ಕೊಡುವ ಅದೇ +3. ಆ ಎರಡು ಪಾಯಿಂಟು ಕಾನ್‌ಸ್ಟಿಟ್ಯೂಷನ್‌ನಲ್ಲಿದ್ದರೆ ಜೀವ ಉಳಿಸುತ್ತವೆ.

ಮೊದಲ ಲೆವೆಲ್ ಯಾವ ಕ್ಲಾಸಿನದು ಅನ್ನುವುದೂ ಮುಖ್ಯ, ಏಕೆಂದರೆ ಸೇವಿಂಗ್ ಥ್ರೋ ಪರಿಣತಿ ಮೊದಲ ಕ್ಲಾಸಿನಿಂದ ಮಾತ್ರ ಬರುತ್ತದೆ. ಕ್ಲೆರಿಕ್‌ನಿಂದ ಶುರು ಮಾಡಿದರೆ ವಿಸ್ಡಮ್, ಕರಿಸ್ಮಾ. ಬಾರ್ಡ್‌ನಿಂದಾದರೆ ಡೆಕ್ಸ್ಟೆರಿಟಿ, ಕರಿಸ್ಮಾ. ಡೆಕ್ಸ್ಟೆರಿಟಿ ಸೋತರೆ ಸಾಮಾನ್ಯವಾಗಿ ಪೆಟ್ಟು ತಿನ್ನುತ್ತೀರಿ. ವಿಸ್ಡಮ್ ಸೋತರೆ ಹೋಲ್ಡ್ ಪರ್ಸನ್ ಮಂತ್ರಕ್ಕೆ ಕಲ್ಲಾಗಿ ನಿಲ್ಲುತ್ತೀರಿ, ಇಲ್ಲವೇ ಹೆದರಿ ಓಡುತ್ತೀರಿ. ಎಬ್ಬಿಸುವವನೇ ಕಲ್ಲಾದರೆ ಉಳಿದವರ ಗತಿ? ಕ್ಲೆರಿಕ್ ಮೊದಲು. ಸ್ಕಿಲ್ ಲೆಕ್ಕದಲ್ಲಿ ನಷ್ಟವೂ ಇಲ್ಲ: ಕ್ಲೆರಿಕ್‌ನ ಎರಡು, ಬಾರ್ಡ್‌ಗೆ ಕಾಲಿಟ್ಟಾಗ ಒಂದು, ಒಟ್ಟು ಮೂರು. ಬಾರ್ಡ್ ಆಗಿ ಶುರು ಮಾಡಿದ್ದರೂ ಮೂರೇ.

ಲೆವೆಲ್ ಏರಿದ ಹಾಗೆ

ಒಂದನೇ ಲೆವೆಲ್ಲಿನಲ್ಲಿ ಸ್ಲಾಟ್ ಎರಡೇ. ಕ್ಲೆರಿಕ್ ಸಿದ್ಧಪಡಿಸುವ ಮಂತ್ರಗಳ ಸಂಖ್ಯೆ ವಿಸ್ಡಮ್ +2ಕ್ಕೆ ಕ್ಲೆರಿಕ್ ಲೆವೆಲ್ 1 ಸೇರಿ 3, ಡೊಮೇನಿನ ಎರಡು ಬೇರೆ. ಈ 3 ಮುಂದೆಯೂ ಬೆಳೆಯುವುದಿಲ್ಲ. ಒಟ್ಟು ಲೆವೆಲ್ ಕೂಡಿಸಿ ಹತ್ತು ಮಂತ್ರ ಬರೆದುಕೊಂಡು ಬರುವುದು ಮೇಜಿನ ಮೇಲೆ ಕಾಣುವ ಸಾಮಾನ್ಯ ತಪ್ಪು. ಮೊದಲಿಗೆ ಹೀಲಿಂಗ್ ವರ್ಡ್, ಸ್ಯಾಂಕ್ಚುರಿ, ಗೈಡಿಂಗ್ ಬೋಲ್ಟ್ ಸಾಕು.

ಎರಡನೇ ಲೆವೆಲ್, ಬಾರ್ಡ್ 1. ಸ್ಲಾಟ್ 3. ಬಾರ್ಡಿಕ್ ಇನ್ಸ್ಪಿರೇಷನ್ (ಗೆಳೆಯನಿಗೆ ಕೊಡುವ ಹೆಚ್ಚುವರಿ ಡೈಸ್) ದಿನಕ್ಕೆ 3 ಸಲ, ಡಿ6. ನಾಲ್ಕು ಮಂತ್ರ ಕಲಿಯಬಹುದು: ಹೀಲಿಂಗ್ ವರ್ಡನ್ನು ಈಗ ಬಾರ್ಡ್ ಕಡೆಗೆ ಬದಲಾಯಿಸಿ (ಕರಿಸ್ಮಾ ಹೆಚ್ಚಿರುವುದರಿಂದ), ಕ್ಲೆರಿಕ್ ಕಡೆ ಖಾಲಿಯಾದ ಜಾಗಕ್ಕೆ ಡಿಟೆಕ್ಟ್ ಮ್ಯಾಜಿಕ್ ತನ್ನಿ. ಉಳಿದಂತೆ ಫೇರಿ ಫೈರ್, ಸ್ಲೀಪ್, ಫೆದರ್ ಫಾಲ್. ಕ್ಯಾಂಟ್ರಿಪ್‌ಗಳಲ್ಲಿ (ಸ್ಲಾಟ್ ಬೇಡದ ಪುಟ್ಟ ಮಂತ್ರಗಳು) ವಿಷಸ್ ಮಾಕರಿ ಬಿಡಬೇಡಿ. ಬೈಗುಳದಿಂದಲೇ ಪೆಟ್ಟು ಕೊಡುವ ಮಂತ್ರ. ಬೈಸಿಕೊಂಡವನು ಸೇವಿಂಗ್ ಥ್ರೋ ಸೋತರೆ ಅವನ ಮುಂದಿನ ಹೊಡೆತಕ್ಕೆ ಡಿಸಡ್ವಾಂಟೇಜ್. ನಮ್ಮ ಕಡೆಯ ಬಾಯಿಗೆ ಇದಕ್ಕಿಂತ ಒಗ್ಗುವ ಮಂತ್ರ ಈ ಆಟದಲ್ಲಿ ಇನ್ನೊಂದಿಲ್ಲ.

ಮೂರನೇ ಲೆವೆಲ್ಲಿಗೆ ಮೊದಲ ಬಡತನ: ಎರಡನೇ ಮೆಟ್ಟಿಲಿನ ಸ್ಲಾಟ್ ಎರಡಿವೆ, ಆ ಮೆಟ್ಟಿಲಿನ ಮಂತ್ರ ಒಂದೂ ಇಲ್ಲ. ನಾಲ್ಕಕ್ಕೆ (ಬಾರ್ಡ್ 3) ಆ ಮಂತ್ರಗಳೂ ಕಾಲೇಜ್ ಆಫ್ ಲೋರ್‌ನ ಕಟಿಂಗ್ ವರ್ಡ್ಸೂ (ಮಾತಿನಿಂದ ವೈರಿಯ ಡೈಸನ್ನು ತಗ್ಗಿಸುವುದು) ಬರುತ್ತವೆ.

ನಿಜವಾಗಿ ಕುಟುಕುವುದು ಐದನೇ ಲೆವೆಲ್. ವಿಝರ್ಡ್ ಫೈರ್‌ಬಾಲ್ ಎಸೆಯುತ್ತಾನೆ, ಫೈಟರ್ ಎರಡು ಸಲ ಬೀಸುತ್ತಾನೆ. ನಿಮ್ಮ ಹತ್ತಿರ ಮೂರನೇ ಮೆಟ್ಟಿಲಿನ ಸ್ಲಾಟ್ ಎರಡು, ಹಾಕಲು ಮಂತ್ರವಿಲ್ಲ. ಮೂರು ಭಾನುವಾರಕ್ಕೊಂದು ಲೆವೆಲ್ ಏರಿಸುವ ಮೇಜಾದರೆ ಈ ಬಡತನ ಮೂರು ಭಾನುವಾರ. ಇದಕ್ಕೊಂದು ಮದ್ದಿದೆ. ಬ್ಲೆಸ್ಸನ್ನು ಒಂದೊಂದು ಮೆಟ್ಟಿಲು ಏರಿಸಿದಂತೆ ಒಬ್ಬೊಬ್ಬರು ಹೆಚ್ಚು ಸೇರುತ್ತಾರೆ: ಎರಡರಲ್ಲಿ ನಾಲ್ವರು, ಮೂರರಲ್ಲಿ ಐವರು. ಐದು ಮಂದಿಯ ತಂಡಕ್ಕೆ ಮೂರನೇ ಮೆಟ್ಟಿಲಿನ ಸ್ಲಾಟ್ ಸರಿಯಾಗಿ ಹೊಂದುತ್ತದೆ. ಇದೇ ಲೆವೆಲ್ಲಿನಲ್ಲಿ ಬಾರ್ಡ್ 4ರ ಅಂಕವೃದ್ಧಿ ಸಿಗುತ್ತದೆ (ಅದು ಒಟ್ಟು ಲೆವೆಲ್ಲಿಗಲ್ಲ, ಕ್ಲಾಸ್ ಲೆವೆಲ್ಲಿಗೆ); ಕರಿಸ್ಮಾ 18 ಮಾಡಿ.

ಆರಕ್ಕೆ ಬಾರ್ಡ್ 5: ಡಿಸ್ಪೆಲ್ ಮ್ಯಾಜಿಕ್, ಹಿಪ್ನಾಟಿಕ್ ಪ್ಯಾಟರ್ನ್, ಇನ್ಸ್ಪಿರೇಷನ್ ಡೈಸ್ ಡಿ8, ಅದೂ ಶಾರ್ಟ್ ರೆಸ್ಟ್‌ಗೇ ತುಂಬುತ್ತದೆ. ಏಳಕ್ಕೆ ಲೋರ್ ಬಾರ್ಡ್‌ನ ಮ್ಯಾಜಿಕಲ್ ಸೀಕ್ರೆಟ್ಸ್: ಯಾವ ಕ್ಲಾಸಿನ ಪಟ್ಟಿಯಿಂದಾದರೂ ಎರಡು ಮಂತ್ರ. ಒಂದು ರಿವಿವಿಫೈ ಆಗಲೇಬೇಕು. ಸತ್ತ ಒಂದು ನಿಮಿಷದೊಳಗೆ ಎಬ್ಬಿಸುವ ಮಂತ್ರ ಇದು, ಪ್ರತಿ ಸಲ 300 ಚಿನ್ನದ ಬೆಲೆಯ ವಜ್ರ ಕರಗುತ್ತದೆ. ವಜ್ರ ಮೊದಲೇ ಕೊಂಡಿಟ್ಟಿರಬೇಕು, ಹೆಣದ ಮುಂದೆ ಕೂತು ಪೇಟೆಗೆ ಹೋಗಿ ಬರುತ್ತೇನೆ ಅಂದರೆ ಆಗದು. ಇನ್ನೊಂದು ಕೌಂಟರ್‌ಸ್ಪೆಲ್: ದೊಡ್ಡ ಮಂತ್ರವನ್ನು ತಡೆಯುವಾಗ ಹಾಕುವ ಎಬಿಲಿಟಿ ಚೆಕ್‌ಗೆ (ಗುಣದ ಬಲದಲ್ಲಿ ಉರುಳಿಸುವ ಡೈಸ್) ಬಾರ್ಡ್‌ನ ಜ್ಯಾಕ್ ಆಫ್ ಆಲ್ ಟ್ರೇಡ್ಸ್ (ಪರಿಣತಿ ಇಲ್ಲದ ಕಡೆಯೂ ಅದರ ಅರ್ಧ ಸಿಗುವ ವರ) ಕೂಡ ಸೇರುತ್ತದೆ.

ಇದರ ಬೆಲೆಯನ್ನೂ ಮುಚ್ಚಿಡಬಾರದು. ಏಯ್ಡ್, ಸ್ಪಿರಿಚುವಲ್ ವೆಪನ್, ಸ್ಪಿರಿಟ್ ಗಾರ್ಡಿಯನ್ಸ್ ನಿಮಗೆ ಕ್ಲೆರಿಕ್ ದಾರಿಯಲ್ಲಿ ಎಂದೂ ಬರುವುದಿಲ್ಲ. ಅವು ಬೇಕೇ ಬೇಕು ಅನ್ನುವವರು ಬರೇ ಕ್ಲೆರಿಕ್ ಆಡಿ, ಮರ್ಯಾದೆ ಕಡಿಮೆಯಾಗುವುದಿಲ್ಲ.

ಮೇಜಿನ ಮೇಲೆ ಕೆಡುವುದು ಎಲ್ಲಿ

ಕಾನ್ಸೆಂಟ್ರೇಷನ್. ಒಂದು ಹೊತ್ತಿಗೆ ಒಂದೇ ಮಂತ್ರವನ್ನು ಹಿಡಿದಿಟ್ಟುಕೊಳ್ಳಬಹುದು. ಬ್ಲೆಸ್, ಫೇರಿ ಫೈರ್, ಹೋಲ್ಡ್ ಪರ್ಸನ್, ಇನ್ವಿಸಿಬಿಲಿಟಿ, ಸಜೆಷನ್, ಹಿಪ್ನಾಟಿಕ್ ಪ್ಯಾಟರ್ನ್ ಎಲ್ಲವೂ ಹಿಡಿಯಬೇಕಾದವೇ. ಪಟ್ಟಿ ತುಂಬ ಇಂಥವನ್ನೇ ತುಂಬಿಕೊಂಡರೆ ಒಂದು ಹಾಕಿ ಉಳಿದದ್ದನ್ನು ನೋಡುತ್ತ ಕೂರಬೇಕು. ಅರ್ಧದಷ್ಟಾದರೂ ಹಿಡಿಯಬೇಕಿಲ್ಲದವು ಇರಲಿ: ಹೀಲಿಂಗ್ ವರ್ಡ್, ಶ್ಯಾಟರ್, ಲೆಸ್ಸರ್ ರೆಸ್ಟೊರೇಷನ್, ಸ್ಯಾಂಕ್ಚುರಿ, ಡಿಸ್ಪೆಲ್ ಮ್ಯಾಜಿಕ್. ಗೈಡೆನ್ಸ್ ಎಂಬ ಪುಟ್ಟ ಕ್ಯಾಂಟ್ರಿಪ್ ಕೂಡ ಕಾನ್ಸೆಂಟ್ರೇಷನ್ ಕೇಳುತ್ತದೆ. ಬಾಗಿಲ ಬೀಗ ತೆಗೆಯುವ ಗೆಳೆಯನಿಗೆ ಅದನ್ನು ಹಾಕಿದ ಕ್ಷಣ ನಡೆಯುತ್ತಿದ್ದ ಬ್ಲೆಸ್ ಬಿದ್ದುಹೋಗುತ್ತದೆ.

ಪೆಟ್ಟು ಬಿದ್ದಾಗ, ಹಿಡಿದ ಮಂತ್ರ ಉಳಿಸಿಕೊಳ್ಳಲು ಕಾನ್‌ಸ್ಟಿಟ್ಯೂಷನ್ ಸೇವ್: 10, ಇಲ್ಲವೇ ಪೆಟ್ಟಿನ ಅರ್ಧ, ಯಾವುದು ಹೆಚ್ಚೋ ಅದು. +2 ಇದ್ದರೆ 10ನ್ನು ದಾಟುವುದು ನೂರಕ್ಕೆ 65 ಸಲ. ಡಿಎಂ ಫೀಟ್ ಬಿಟ್ಟುಕೊಟ್ಟರೆ ಬಾರ್ಡ್ 8ರಲ್ಲಿ, ಅಂದರೆ ಒಟ್ಟು 9ನೇ ಲೆವೆಲ್ಲಿನಲ್ಲಿ, ರೆಸಿಲಿಯೆಂಟ್ ಎಂಬ ಫೀಟ್ ತೆಗೆದುಕೊಂಡು ಕಾನ್‌ಸ್ಟಿಟ್ಯೂಷನ್ 15ನ್ನು 16 ಮಾಡಿ. ಪರಿಣತಿಯ +4 ಸೇರಿ +7, ನೂರಕ್ಕೆ 90. ವಾರ್ ಕಾಸ್ಟರ್ ಫೀಟ್ ಆದರೆ +2 ಇದ್ದಂತೆಯೇ ಎರಡು ಡೈಸ್ ಉರುಳಿಸಿ ಹೆಚ್ಚಿನದನ್ನು ಹಿಡಿಯುವುದು, ನೂರಕ್ಕೆ ಸುಮಾರು 88. ಹತ್ತಿರ ಹತ್ತಿರ ಒಂದೇ. ಆದರೆ ರೆಸಿಲಿಯೆಂಟ್ ವಿಷಕ್ಕೂ ಆಗುತ್ತದೆ, ಜೊತೆಗೆ ಜೀವದ ಅಂಕವನ್ನೂ ಏರಿಸುತ್ತದೆ.

ಬೋನಸ್ ಆ್ಯಕ್ಷನ್ (ಸರದಿಯಲ್ಲಿ ಮುಖ್ಯ ಕೆಲಸದ ಜೊತೆ ಮಾಡುವ ಚಿಕ್ಕ ಕೆಲಸ) ಎರಡನೆಯ ಇಕ್ಕಟ್ಟು. ಹೀಲಿಂಗ್ ವರ್ಡೂ ಬೋನಸ್ ಆ್ಯಕ್ಷನ್, ಇನ್ಸ್ಪಿರೇಷನ್ನೂ ಬೋನಸ್ ಆ್ಯಕ್ಷನ್, ಸುತ್ತಿಗೆ ಒಂದೇ. ಬೋನಸ್ ಆ್ಯಕ್ಷನ್ನಿನಲ್ಲಿ ಮಂತ್ರ ಹಾಕಿದರೆ ಆ ಸರದಿಯಲ್ಲಿ ಜೊತೆಗೆ ಕ್ಯಾಂಟ್ರಿಪ್ ಮಾತ್ರ ಹಾಕಬಹುದು, ಹಾಗಾಗಿ ಬ್ಲೆಸ್ಸೂ ಹೀಲಿಂಗ್ ವರ್ಡೂ ಒಟ್ಟಿಗೆ ಆಗವು. ಇನ್ಸ್ಪಿರೇಷನ್ ಮಂತ್ರವಲ್ಲ, ಆದ್ದರಿಂದ ಮೊದಲ ಸುತ್ತಿನಲ್ಲಿ ಬ್ಲೆಸ್ ಜೊತೆ ಅದನ್ನು ಕೊಡಬಹುದು. ಕಟಿಂಗ್ ವರ್ಡ್ಸ್ ರಿಯಾಕ್ಷನ್, ಅಂದರೆ ಬೇರೆಯವರ ಸರದಿಯಲ್ಲೂ ಮಾಡಬಹುದಾದ ಮರುಕೆಲಸ. ಆದರೆ ಇನ್ಸ್ಪಿರೇಷನ್ನಿನ ಅದೇ ಡಬ್ಬಿಯಿಂದಲೇ ಡೈಸ್ ತೆಗೆಯುತ್ತದೆ. ಡೈಸ್ ಉರುಳಿದ ಮೇಲೆ, ಫಲ ಹೇಳುವ ಮೊದಲು ಅದನ್ನು ಹಾಕಬೇಕು. ‘ಉರುಳಿಸಿದ ಮೇಲೆ ಒಂದುಸಿರು ನಿಲ್ಲಿ’ ಅಂತ ಡಿಎಂ ಹತ್ತಿರ ಆಟದ ಮೊದಲೇ ಮಾತಾಡಿಕೊಂಡಿರಿ.

ವಾಸಿ ಮಾಡುವ ಹೊತ್ತು. ಅರ್ಧ ಪೆಟ್ಟು ತಿಂದವನಿಗೆ ಹೀಲಿಂಗ್ ವರ್ಡ್ ಹಾಕುವುದು ಸೋರುವ ಕೊಡಕ್ಕೆ ನೀರು ಹೊಯ್ದಂತೆ: ನೀವು ಕೊಡುವುದು 8.5, ಓಗರ್ ಒಂದು ಪೆಟ್ಟಿಗೆ ಕಸಿಯುವುದು ಸರಾಸರಿ 13. ಸೊನ್ನೆಗೆ ಬಿದ್ದವನಿಗೆ ಹಾಕಿದರೆ ಒಂದು ಇಡೀ ಸರದಿ ವಾಪಸ್ ಸಿಗುತ್ತದೆ. ಆದರೆ ಬಿದ್ದವನನ್ನು ಹಾಗೇ ಬಿಡುವಂತೆಯೂ ಇಲ್ಲ. 5 ಅಡಿಯೊಳಗಿನ ವೈರಿ ಹೊಡೆದರೆ ಎರಡು ಡೆತ್ ಸೇವ್ (ಸಾಯದೆ ಉಳಿಯಲು ಉರುಳಿಸುವುದು) ಸೋತಂತೆ, ಮೂರಕ್ಕೆ ಸಾವು. ಆದ್ದರಿಂದ ಇನಿಷಿಯೇಟಿವ್ (ಸರದಿಯ ಕ್ರಮ) ಪಟ್ಟಿ ನೋಡಿ: ನಿಮ್ಮ ಸರದಿ ವೈರಿಯ ನಂತರ, ಗೆಳೆಯನ ಮೊದಲು ಬಂದರೆ ಅದೇ ಸರಿಯಾದ ಹೊತ್ತು.

ದೂರದ ಅಂದಾಜೂ ಬೇಕು. ಹೀಲಿಂಗ್ ವರ್ಡ್ ಮುಟ್ಟುವುದು 60 ಅಡಿ, ಐದಡಿಯ ಚೌಕದಲ್ಲಿ 12 ಮನೆ. ಗೋಲಗುಮ್ಮಟದ ಒಳವ್ಯಾಸ 124 ಅಡಿಗೆ ತುಸು ಹೆಚ್ಚು. ಗುಮ್ಮಟದ ನಟ್ಟನಡುವೆ ನಿಂತು ಅಂಚಿನಲ್ಲಿ ಬಿದ್ದವನಿಗೆ ಹಾಕಿದರೂ ಎರಡಡಿ ಸಾಲದು. ಪಿಸುಮಾತು ಅಲ್ಲಿ ಆಚೆ ಬದಿಗೂ ಕೇಳಿಸುತ್ತದೆ ನಿಜ, ಆದರೆ ಡಿಎಂ ಆ ವಾದ ಒಪ್ಪುವುದಿಲ್ಲ.

ಕೈಗಳು ಕೊನೆಯ ತೊಡಕು. ಢಾಲಿನ ಮೇಲೆ ಕ್ಲೆರಿಕ್‌ನ ಪವಿತ್ರ ಚಿಹ್ನೆ ಬರೆಸಿದರೆ ಬ್ಲೆಸ್‌ಗೆ ಸಾಮಗ್ರಿ ಸಿಕ್ಕಿತು. ಅದು ಬಾರ್ಡ್ ಮಂತ್ರಕ್ಕೆ ನಡೆಯದು, ಬಾರ್ಡ್‌ಗೆ ವಾದ್ಯ ಬೇಕು. 25 ಚಿನ್ನದ ಕಾಂಪೊನೆಂಟ್ ಪೌಚ್ (ಸಾಮಗ್ರಿಯ ಚೀಲ) ಎರಡಕ್ಕೂ ಆಗುತ್ತದೆ. ಕ್ಯೂರ್ ವೂಂಡ್ಸ್‌ನಂಥ, ಸಾಮಗ್ರಿ ಇಲ್ಲದೆ ಕೈಸನ್ನೆ ಮಾತ್ರ ಕೇಳುವ ಮಂತ್ರಕ್ಕೆ ಒಂದು ಕೈ ಖಾಲಿ ಇರಲೇಬೇಕು. ಒಂದು ಕೈಯಲ್ಲಿ ಢಾಲು, ಇನ್ನೊಂದರಲ್ಲಿ ಏನೂ ಇಲ್ಲ; ಕತ್ತಿ ಮನೆಯಲ್ಲಿರಲಿ.

ಬೇರೆ ಜೋಡಿಗಳು, ಹೊಸ ಪುಸ್ತಕ

ಡ್ರೂಯಿಡ್ 1ಕ್ಕೆ ಲೈಫ್ ಕ್ಲೆರಿಕ್ ಸೇರಿಸುವ ಜೋಡಿಗೆ ವಿಸ್ಡಮ್ ಒಂದೇ ಸಾಕು, ಅಂಕ ಹಂಚಬೇಕಿಲ್ಲ. ಗುಡ್‌ಬೆರಿ ಮಂತ್ರದ, ತಿಂದರೆ ವಾಸಿಯಾಗುವ ಹತ್ತು ಹಣ್ಣು ತಲಾ 1ರ ಬದಲು 4 ಕೊಡುತ್ತವೆ, ಒಂದು ಸ್ಲಾಟಿಗೆ 40. ಇದು ಆಟ ರೂಪಿಸಿದವರೇ ಒಪ್ಪಿದ ಓದು, ಆದರೂ ಡಿಎಂ ಹುಬ್ಬೇರಿಸಬಹುದು. ಪ್ಯಾಲಡಿನ್ ಸೇರಿಸುವುದಾದರೆ 6ರವರೆಗೆ ಹೋಗಿ: ಹತ್ತಡಿಯೊಳಗಿನವರ ಎಲ್ಲ ಸೇವಿಂಗ್ ಥ್ರೋಗೂ ನಿಮ್ಮ ಕರಿಸ್ಮಾ ಸೇರುತ್ತದೆ. ಸ್ಲಾಟಿನ ಲೆಕ್ಕದಲ್ಲಿ ಪ್ಯಾಲಡಿನ್ 1 ಅಂದರೆ ಸೊನ್ನೆ. ನಮ್ಮ ಪಾತ್ರಕ್ಕೇ ಎರಡನೇ ಕ್ಲೆರಿಕ್ ಲೆವೆಲ್ ಸೇರಿಸಿದರೆ ಸಿಗುವ ಪ್ರಿಸರ್ವ್ ಲೈಫ್ ಕೊಡುವುದು ಒಟ್ಟು 10 ಜೀವದ ಅಂಕ, ಅದಕ್ಕಾಗಿ ಬಾರ್ಡ್‌ನ ಎಲ್ಲವೂ ಇನ್ನೊಂದು ಲೆವೆಲ್ ತಡ. ಬೇಡ.

ನಿಮ್ಮ ಮೇಜಿನಲ್ಲಿ 2024ರ ಪುಸ್ತಕವಿದ್ದರೆ ಈ ಯೋಜನೆಯ ಬುಡವೇ ಅಲುಗುತ್ತದೆ. ಅದರಲ್ಲಿ ಸಬ್‌ಕ್ಲಾಸ್ ಎಲ್ಲರಿಗೂ ಮೂರನೇ ಲೆವೆಲ್ಲಿಗೆ, ಅಂದರೆ ಕ್ಲೆರಿಕ್ 1ಕ್ಕೆ ಲೈಫ್ ಸಿಗುವುದಿಲ್ಲ. ಗುಡ್‌ಬೆರಿ ಉಪಾಯವೂ ಹೋಯಿತು, ಹೆಚ್ಚುವರಿ ಅಂಕ ಮಂತ್ರ ಹಾಕಿದ ಸರದಿಯಲ್ಲಿ ಮಾತ್ರ. ಅದಕ್ಕೆ ಬದಲಾಗಿ ಹೀಲಿಂಗ್ ವರ್ಡ್ 2ಡಿ4, ಕ್ಯೂರ್ ವೂಂಡ್ಸ್ 2ಡಿ8 ಆಗಿವೆ, ಪ್ಯಾಲಡಿನ್‌ನ ಅರ್ಧವನ್ನು ಮೇಲಕ್ಕೆ ಏರಿಸುತ್ತಾರೆ. ಬೋನಸ್ ಆ್ಯಕ್ಷನ್ನಿನ ನಿಯಮ ‘ಒಂದು ಸರದಿಗೆ ಒಂದೇ ಸ್ಲಾಟ್’ ಎಂದು ಸರಳವಾಗಿದೆ. ಅಲ್ಲಿಯೂ ಕ್ಲೆರಿಕ್ 1 ಕವಚ, ಢಾಲು, ಬ್ಲೆಸ್ ಕೊಡುತ್ತದೆ. ಬಾರ್ಡ್‌ಗೆ ಆ ಒಂದು ಲೆವೆಲ್ ತಡ ಅಷ್ಟಕ್ಕೇ ಸಾರ್ಥಕವೇ ಅನ್ನುವುದನ್ನು ನಿಮ್ಮ ತಂಡದಲ್ಲಿ ಎಷ್ಟು ಮಂದಿ ಕತ್ತಿ ಬೀಸುವವರಿದ್ದಾರೆ ಅನ್ನುವುದರ ಮೇಲೆ ಎಣಿಸಿ: ಮೂವರಿದ್ದರೆ ಸಾರ್ಥಕ, ಒಬ್ಬನೇ ಇದ್ದರೆ ಬರೇ ಬಾರ್ಡ್ ಆಡಿ.